ಸಹಾಯ ಬೇಕು: ಮಗು ಮಲಗಿದಾಗಷ್ಟೇ ಹೊಲಿಗೆ, ಫಿನಿಶಿಂಗ್ ಎಲ್ಲಿ ಬಿಡೋದು?

ಮನೆಯಲ್ಲೇ ಮಕ್ಕಳ ಬಟ್ಟೆ ಹೊಲಿದು ಮಾರೋ ಕೆಲಸ ನಂದು. ಮಗು ಈಗಷ್ಟೇ ನಡೆಯೋಕೆ ಶುರು ಮಾಡಿದೆ. ಕತ್ತರಿ, ಇಸ್ತ್ರಿ ಪೆಟ್ಟಿಗೆ, ಗುಂಡುಪಿನ್ನು, ಗುಂಡಿ ಯಾವುದನ್ನೂ ಅದು ಎದ್ದಿರುವಾಗ ಹೊರಗೆ ತೆಗೆಯೋ ಹಾಗಿಲ್ಲ. ಕಟಿಂಗ್ ಅಂತೂ ನಿದ್ದೆ ಹೊತ್ತಲ್ಲೇ ಆಗಬೇಕು. ಅರ್ಧಕ್ಕೆ ಎದ್ದು ಹೋದರೆ ಬಟ್ಟೆ ಸರಿದು ಗುರುತು ತಪ್ಪುತ್ತೆ, ಒಂದು ತೋಳು ಚಿಕ್ಕದಾಗುತ್ತೆ.

ಒಂದೇ ಅಳತೆಯವನ್ನು ಒಟ್ಟಿಗೆ ಕತ್ತರಿಸಿ ನೋಡಿದೆ, ಡೆಲಿವರಿ ದಿನಾಂಕ ಮುಂದಕ್ಕೆ ಹೇಳಿದೆ, ಮೆಸೇಜಿಗೆ ರಾತ್ರಿ ಮಾತ್ರ ಉತ್ತರ. ಆದರೂ ಸಮಯ ತಿನ್ನೋದು ಒಳಗಿನ ಫಿನಿಶಿಂಗ್. ಎಲ್ಲಾ ಜೋಡಣೆಗೂ ಫ್ರೆಂಚ್ ಸೀಮ್ ಹಾಕ್ತೀನಿ, ಅಂದರೆ ಬಟ್ಟೆ ಅಂಚು ಒಳಗೇ ಮುಚ್ಚಿಹೋಗೋ ಹಾಗೆ ಎರಡೆರಡು ಸಲ ಹೊಲಿಗೆ, ನಡುವೆ ಅಂಚು ಕತ್ತರಿಸೋದು ಬೇರೆ. ಓವರ್‌ಲಾಕ್ (ಅಂಚಿಗೆ ದಾರ ಸುತ್ತೋ ಹೊಲಿಗೆ) ಬೇಗ ಮುಗಿಯುತ್ತೆ, ಆದರೆ ಕಂಕುಳು, ಕುತ್ತಿಗೆ ಹತ್ತಿರ ಮಕ್ಕಳ ಚರ್ಮಕ್ಕೆ ದಾರ ಉಜ್ಜುತ್ತೆ. ಪಕ್ಕದ ಜೋಡಣೆಗೆ, ಕೆಳಗಿನ ಘೇರಿಗೆ ಓವರ್‌ಲಾಕ್ ಸಾಕು ಅನ್ನೋದು ನನ್ನ ಲೆಕ್ಕ. ಒಳಗೆ ತಿರುಗಿಸಿ ನೋಡೋರು ಕಡಿಮೆ (ನೋಡೋರು ಮಾತ್ರ ಬಿಡಲ್ಲ!).

ಇಲ್ಲೇ ಗೊಂದಲ. ಹಳೇ ಗಿರಾಕಿಗಳಿಗೆ ಮೊದಲೇ ಹೇಳಿ ಅದೇ ರೇಟಲ್ಲಿ ಕೊಡಬಹುದಾ, ಇಲ್ಲಾ ಫ್ರೆಂಚ್ ಸೀಮ್ ಉಳಿಸಿಕೊಂಡು ಆರ್ಡರ್ ಕಡಿಮೆ ತಗೋಬೇಕಾ? ಪುಟ್ಟ ಮಗು ಇಟ್ಕೊಂಡು ಹೊಲಿಯೋರು ಏನು ಮಾಡ್ತಿದೀರಾ, ಹೇಳಿ.