ಪಿ0420 ಬರುತ್ತಿದೆ, ಘಾಟಿಯಲ್ಲಿ ಗಾಡಿ ಎಳೆಯುತ್ತಿಲ್ಲ: ಕ್ಯಾಟ್ ಬದಲಾಯಿಸಲೇಬೇಕಾ?

ಮಲೆನಾಡ್_ಡ್ರೈವರ್:
ತಲೆ ಕೆಟ್ಟುಹೋಗಿದೆ. ಚೆಕ್ ಎಂಜಿನ್ ಲೈಟ್ ಆರುವುದೇ ಇಲ್ಲ. ಸ್ಕ್ಯಾನರ್ ಹಾಕಿದರೆ ಪಿ0420 (ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಕೋಡ್), ಅಳಿಸಿದರೂ ಮತ್ತೆ ಬರುತ್ತದೆ. ಶಿರಾಡಿ ಹತ್ತುವಾಗ 3000 ಆರ್‌ಪಿಎಂ ದಾಟಿದರೆ ಗಾಡಿ ಉಸಿರುಕಟ್ಟಿದ ಹಾಗೆ ಆಡುತ್ತದೆ, ಹಿಂದೆ ಲಾರಿಯವರ ಹಾರ್ನ್ ಬೇರೆ. ವರ್ಕ್‌ಶಾಪ್‌ನವರು ಬಾನೆಟ್ ಕೂಡ ಸರಿಯಾಗಿ ನೋಡದೆ "ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ" (ಹೊಗೆ ಶುದ್ಧ ಮಾಡುವ ಭಾಗ, ಅದೇ ಕ್ಯಾಟ್) ಅಂದರು, ರೇಟ್ ಕೇಳಿ ಸುಮ್ಮನೆ ವಾಪಸ್ ಬಂದೆ. ಹೊರಗಿನ ಕಂಪನಿಯ ಕ್ಯಾಟ್ ಹಾಕಿಸಬಹುದಾ? ಬೇಗ ಹೇಳಿ.

ಸೆನ್ಸರ್_ಸೋಮು:
ಕ್ಯಾಟ್ ಮುಟ್ಟಬೇಡಿ. ಇದು ಕ್ಯಾಟ್ ಆದಮೇಲೆ ಇರುವ ಹಿಂದಿನ ಓ2 (ಆಮ್ಲಜನಕ) ಸೆನ್ಸರ್. ಬದಲಾಯಿಸಿ, ಲೈಟ್ ಹೋಗುತ್ತದೆ.

ಗ್ಯಾರೇಜ್_ಅಣ್ಣ:
ಮೊದಲು ಗಾಡಿ ಯಾವುದು ಅಂತ ಹೇಳಿ ಮಾರಾಯ್ರೇ. ಪೆಟ್ರೋಲಾ, ಡೀಸೆಲ್ಲಾ? ಎಷ್ಟು ಓಡಿದೆ? ಆಯಿಲ್ ಕುಡಿಯುತ್ತಾ?

ಮಲೆನಾಡ್_ಡ್ರೈವರ್:
ಪೆಟ್ರೋಲ್ ಹ್ಯಾಚ್‌ಬ್ಯಾಕ್, ಬಿಎಸ್4 (ಭಾರತ್ ಸ್ಟೇಜ್ ಎಮಿಷನ್ ದರ್ಜೆ), ಲಕ್ಷ ಕಿಲೋಮೀಟರ್ ದಾಟಿದೆ. ಆಯಿಲ್ ಸರಿ ಇದೆ. ಸೆನ್ಸರ್ ಹೊಸದು ಹಾಕಿಸಿ ಆಗಿದೆ ಸೋಮು, ಏನೂ ಬದಲಾಗಿಲ್ಲ.

ಸೆನ್ಸರ್_ಸೋಮು:
ಡೂಪ್ಲಿಕೇಟ್ ಹಾಕಿರಬೇಕು. ಒರಿಜಿನಲ್ ಹಾಕಿಸಿ ನೋಡಿ.

ಗ್ಯಾರೇಜ್_ಅಣ್ಣ:
ಸೋಮು, ಸೆನ್ಸರ್ ಹಾಳಾದರೆ ಪಿಕಪ್ ಹೀಗೆ ಸಾಯುವುದಿಲ್ಲ. ಹಿಂದಿನ ಸೆನ್ಸರ್ ಇರುವುದು ಕ್ಯಾಟ್ ಕೆಲಸ ಮಾಡುತ್ತಿದೆಯಾ ಅಂತ ನೋಡುವುದಕ್ಕೆ. ಬಿಸಿ ಎಂಜಿನ್‌ನಲ್ಲಿ ಕ್ಯಾಟ್‌ಗಿಂತ ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಓಲಾಡುತ್ತಿರುತ್ತದೆ, ಹಿಂದಿನದು 0.6, 0.7ರ ಹತ್ತಿರ ಗಟ್ಟಿಯಾಗಿ ನಿಂತಿರಬೇಕು. ಅದೂ ಮುಂದಿನದರ ಹಾಗೇ ಓಲಾಡಿದರೆ ಕ್ಯಾಟ್ ಸತ್ತಿದೆ, ಇಲ್ಲ ಸೈಲೆನ್ಸರ್ ಪೈಪಿನಲ್ಲಿ ಎಲ್ಲೋ ಲೀಕ್ ಇದೆ. ಸ್ಕ್ಯಾನರ್‌ನ ಲೈವ್ ಡೇಟಾ ಹಾಕಿ ಇಲ್ಲಿ.

ಟರ್ಬೊ_ಹಾಸನ:
ನಾನು ವೈರ್‌ಲೆಸ್ ಬಿಟ್ಟು ವರ್ಕ್‌ಶಾಪ್ ದರ್ಜೆಯ ಸ್ಕ್ಯಾನರ್ ತಗೊಂಡೆ, ಗ್ರಾಫ್ ಎಷ್ಟು ಚೆನ್ನಾಗಿ ಬರುತ್ತೆ ಗೊತ್ತಾ. ಮನೆ ಹಿಂದೆ ಲಿಫ್ಟ್ ಕೂಡ ಹಾಕಿಸಿದ್ದೇನೆ. ಇದಕ್ಕೆಲ್ಲ ಕಾರಣ 20 ಪರ್ಸೆಂಟ್ ಎಥನಾಲ್ ಬೆರೆಸಿದ ಇ20 ಪೆಟ್ರೋಲ್. ಕ್ಯಾಟ್ ತೆಗೆದು ನೇರ ಪೈಪ್ ಹಾಕಿಸಿ, ಗಾಡಿ ಹಾರುತ್ತೆ.

ಕಡಲ_ಗಾಳಿ:
ಎಥನಾಲ್ ಕ್ಯಾಟ್ ಕೊಲ್ಲುವುದಿಲ್ಲ ಬ್ರೋ. ಕೊಲ್ಲುವುದು ಪೆಟ್ರೋಲ್‌ಗೆ ಬೆರೆಸುತ್ತಿದ್ದ ಸೀಸ, ಅದನ್ನು ದೇಶದಲ್ಲಿ 2000ದಲ್ಲೇ ನಿಲ್ಲಿಸಿದ್ದಾರೆ. ನೇರ ಪೈಪ್ ಹಾಕಿದರೆ ಬಿಎಸ್4ಗೆ ಎಮಿಷನ್ ಟೆಸ್ಟ್ ಪಾಸಾಗುವುದು ಕಷ್ಟ, ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಬರೀ 0.3 ಪರ್ಸೆಂಟ್. ಮೇಲೆ 10,000 ರೂಪಾಯಿವರೆಗೆ ದಂಡ.

ಟರ್ಬೊ_ಹಾಸನ:
ನನಗೆ ಯಾರೂ ಹಿಡಿದಿಲ್ಲ. ಇ20 ಹಾಕಿದ ಮೇಲೆ ಮೈಲೇಜ್ ಬಿದ್ದಿಲ್ವಾ ಹೇಳಿ?

ಕಡಲ_ಗಾಳಿ:
ಮೈಲೇಜ್ ಬೇರೆ, ಕ್ಯಾಟ್ ಬೇರೆ. ನಿಮ್ಮ ಹಿಂದೆ ಬೈಕಿನಲ್ಲಿ ಮಗು ಕೂರಿಸಿಕೊಂಡು ಬರುವವರು ಆ ಹೊಗೆ ಕುಡಿಯಬೇಕು, ಅದನ್ನೂ ಯೋಚನೆ ಮಾಡಿ.

ಗ್ಯಾರೇಜ್_ಅಣ್ಣ:
ಜಗಳ ಸಾಕು. ಮಲೆನಾಡ್, ಲೈಟ್ ಯಾವತ್ತಾದರೂ ಮಿಣುಕಿತ್ತಾ?

ಮಲೆನಾಡ್_ಡ್ರೈವರ್:
ಹೌದು, ಮಳೆಗಾಲದಲ್ಲಿ ಪಿ0303 (3ನೇ ಸಿಲಿಂಡರ್ ಸರಿಯಾಗಿ ಉರಿಯದೆ ಮಿಸ್‌ಫೈರ್ ಆಗುವ ಕೋಡ್) ಬಂದು ಜರ್ಕ್ ಹೊಡೆಯುತ್ತಿತ್ತು. ಗಾಡಿ ಓಡುತ್ತಿತ್ತಲ್ಲ, ಹಾಗೇ ಓಡಿಸಿದೆ. ಆಮೇಲೆ 3ನೇ ಸಿಲಿಂಡರ್ ಇಗ್ನಿಷನ್ ಕಾಯಿಲ್ ಹಾಕಿಸಿದೆ, ಸರಿಹೋಯಿತು. ಅದು ಹಳೇ ಕಥೆ. ಡೇಟಾ ನೋಡಿದೆ, ಎರಡೂ ಸೆನ್ಸರ್ ಒಟ್ಟಿಗೇ ಓಲಾಡುತ್ತಿವೆ.

ಗ್ಯಾರೇಜ್_ಅಣ್ಣ:
ಹಳೇ ಕಥೆ ಅಲ್ಲ, ಇದೇ ಕಥೆ! ಮಿಸ್‌ಫೈರ್ ಆದಾಗ ಉರಿಯದ ಪೆಟ್ರೋಲ್ ಕ್ಯಾಟ್ ಒಳಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಸೆರಾಮಿಕ್ ಜಾಲರಿ ಕರಗಿ ತೂತು ಮುಚ್ಚಿಕೊಳ್ಳುತ್ತದೆ. ಲೈಟ್ ಮಿಣುಕಿದರೆ ಗಾಡಿ ಓಡಿಸಬೇಡಿ ಅನ್ನುವುದು ಅದಕ್ಕೇ. ಈಗ ಮುಂದಿನ ಓ2 ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಷರ್ ಗೇಜ್ ಹಾಕಿಸಿ. 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದರೆ ಕ್ಯಾಟ್ ಕಟ್ಟಿಕೊಂಡಿದೆ ಅಂತ ಲೆಕ್ಕ.

ಸೆನ್ಸರ್_ಸೋಮು:
ನಾನು ಈಗಲೂ ಸೆನ್ಸರ್ ಅಂತಲೇ ಹೇಳುತ್ತೇನೆ.

ಮಲೆನಾಡ್_ಡ್ರೈವರ್:
7 ಪಿಎಸ್‌ಐ. ಕ್ಯಾಟ್ ಮೇಲೆ ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದರೆ ಒಳಗೆ ಚೂರು ಗಲಗಲ ಅನ್ನುತ್ತದೆ. ಬದಲಾಯಿಸುತ್ತೇನೆ. ಮನೆಯಲ್ಲೇ ಮಾಡಬಹುದಾ?

ಗ್ಯಾರೇಜ್_ಅಣ್ಣ:
ಕ್ಯಾಟ್ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್‌ನಿಂದ ಹೊಗೆ ಹೊರಬರುವ ಪೈಪು) ಜೊತೆಗೇ ಸೇರಿಕೊಂಡಿದ್ದರೆ ಹುಷಾರು. ತುಕ್ಕು ಹಿಡಿದ ಸ್ಟಡ್ ಮುರಿದರೆ ಅಲ್ಯೂಮಿನಿಯಂ ಹೆಡ್‌ನಿಂದ ತೆಗೆಯುವುದು ದೊಡ್ಡ ಕೆಲಸ. ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ನಟ್ ಬಿಗಿ ಅನಿಸಿದರೆ ಜೋರು ಮಾಡದೆ ಸ್ವಲ್ಪ ಸಡಿಲಿಸಿ, ಮತ್ತೆ ಬಿಗಿದು, ಮತ್ತೆ ಸಡಿಲಿಸಿ. ಸೆನ್ಸರ್‌ಗೆ ವೈರ್ ಹೋಗುವಷ್ಟು ಸೀಳಿರುವ 22 ಎಂಎಂ ಸಾಕೆಟ್ ಬೇಕು. ಗ್ಯಾಸ್ಕೆಟ್ ಹೊಸದೇ ಹಾಕಿ. ಇದಕ್ಕೆಲ್ಲ ಮೊದಲು ಪ್ಲಗ್ ಬಿಚ್ಚಿ ನೋಡಿ. ಮಿಸ್‌ಫೈರ್ ಇನ್ನೂ ಒಂಚೂರು ಉಳಿದಿದ್ದರೂ ಹೊಸ ಕ್ಯಾಟ್ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಕಡಲ_ಗಾಳಿ:
ಹಳೇ ಕ್ಯಾಟ್ ಮೆಕ್ಯಾನಿಕ್ ಹತ್ತಿರ ಬಿಟ್ಟು ಬರಬೇಡಿ. ಒಳಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಇರುತ್ತದೆ, ಗುಜರಿಯಲ್ಲಿ ಒಳ್ಳೇ ದುಡ್ಡು ಬರುತ್ತದೆ.

ಮಲೆನಾಡ್_ಡ್ರೈವರ್:
3ನೇ ಪ್ಲಗ್ ಕಪ್ಪಗಿದೆ, ಒದ್ದೆ ಇದೆ. ಪೆಟ್ರೋಲ್ ವಾಸನೆ. ಹೊಸ ಕಾಯಿಲ್ ಹಾಕಿಯೂ ಹೀಗಾ?

ಗ್ಯಾರೇಜ್_ಅಣ್ಣ:
ಹಾಗಾದರೆ ಕ್ಯಾಟ್ ಆರ್ಡರ್ ಮಾಡಬೇಡಿ, ನಿಲ್ಲಿ. ಕಾಯಿಲ್ ಅನ್ನು 2ನೇ ಸಿಲಿಂಡರ್‌ಗೆ ಅದಲು ಬದಲು ಮಾಡಿ ನೋಡಿ. ಒದ್ದೆ 3ರಲ್ಲೇ ಉಳಿದರೆ ಇಂಜೆಕ್ಟರ್ ಲೀಕ್ ಇರಬಹುದು, ಕಂಪ್ರೆಷನ್ ಕೂಡ ನೋಡಿಸಿ.

ಹೊಸಬ_ತುಮಕೂರು:
ಸರ್, ನನ್ನದೂ ಪಿಕಪ್ ಇಲ್ಲ, ಡೀಸೆಲ್ ಬಿಎಸ್6. ಕ್ಯಾಟ್ ಬದಲಾಯಿಸಲಾ?

ಗ್ಯಾರೇಜ್_ಅಣ್ಣ:
ನಿಮ್ಮದರಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುತ್ತದೆ, ಮಸಿ ತುಂಬಿರಬಹುದು. ಕೋಡ್ ಏನು, ದಿನಾ ಎಷ್ಟು ದೂರ ಓಡಿಸುತ್ತೀರಿ ಅಂತ ಬರೆದು ಬೇರೆ ಪೋಸ್ಟ್ ಹಾಕಿ, ಅಲ್ಲಿ ನೋಡೋಣ.