ಅಪ್‌ಡೇಟ್: ಮಧ್ಯಸ್ಥಿಕೆಯಲ್ಲಿ ರಾಜಿಯಾಯಿತು

ವಿಚ್ಛೇದನ ಮತ್ತು ಮಗಳ ಸುಪರ್ದಿಯ ವಿಷಯವನ್ನು ಆರ್ಬಿಟ್ರೇಷನ್‌ನಲ್ಲಿ, ಅಂದರೆ ನ್ಯಾಯಾಲಯದ ಹೊರಗೆ ನಾವೇ ಒಪ್ಪಿದ ಮೂರನೆಯವರ ತೀರ್ಪಿನಿಂದ, ಮುಗಿಸಬಹುದೇ ಎಂದು ಇಲ್ಲಿ ಹಿಂದೆ ಕೇಳಿದ್ದೆ. ಆಗುವುದಿಲ್ಲ ಎಂದವರ ಮಾತೇ ಸರಿ. ಇವೆರಡೂ ಆರ್ಬಿಟ್ರೇಷನ್‌ಗೆ ಒಳಪಡುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಕೌಟುಂಬಿಕ ನ್ಯಾಯಾಲಯವೇ ನಮ್ಮನ್ನು ಮಧ್ಯಸ್ಥಿಕೆಗೆ ಕಳುಹಿಸಿತು. ಮಧ್ಯಸ್ಥರು ತೀರ್ಪು ಕೊಡುವವರಲ್ಲ, ಒಪ್ಪುವುದೂ ಬಿಡುವುದೂ ನಮ್ಮ ಕೈಯಲ್ಲೇ ಇತ್ತು. ಅಲ್ಲಿ ಆಡಿದ್ದು ಮುಂದೆ ಸಾಕ್ಷ್ಯವಾಗುವುದಿಲ್ಲ ಎಂದು ತಿಳಿದ ಮೇಲೆ ನನಗೆ ಬಾಯಿ ಬಂತು.

ಹಣದ ಮಾತು ಬೇಗ ಮುಗಿಯಿತು. ಸಿಕ್ಕಿಕೊಂಡಿದ್ದು ಹಬ್ಬದ ರಜೆಯಲ್ಲಿ. ಮೂರನೆಯ ದಿನ ಮಧ್ಯಸ್ಥರು ಮೇಜಿನ ಮೇಲಿದ್ದ ಕ್ಯಾಲೆಂಡರನ್ನು ನಮ್ಮಿಬ್ಬರ ನಡುವೆ ಸರಿಸಿ, ಪೆನ್ಸಿಲನ್ನು ನನ್ನ ಸಂಗಾತಿಯ ಕೈಗೆ ಕೊಟ್ಟು ಸುಮ್ಮನೆ ಕುಳಿತರು. ಬಹಳ ಹೊತ್ತಿನ ನಂತರ ಸಂಗಾತಿಯೇ ದೀಪಾವಳಿಯ ಸುತ್ತ ಗೆರೆ ಎಳೆದು ನನ್ನ ಹೆಸರು ಬರೆದರು. ಯುಗಾದಿಯನ್ನು ನಾನು ಬಿಟ್ಟುಕೊಟ್ಟೆ. ಎರಡು ವರ್ಷದಲ್ಲಿ ನಾವು ಜಗಳವಿಲ್ಲದೆ ಮಾಡಿದ ಮೊದಲ ಕೆಲಸವದು.

ರಾಜಿ ಪತ್ರ ನ್ಯಾಯಾಲಯಕ್ಕೆ ಹೋಗಿದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕಿರುವ ಆರು ತಿಂಗಳ ಕಾಯುವ ಅವಧಿಯನ್ನು ಮನ್ನಾ ಮಾಡಬೇಕೆಂದು, 2017ರ ಸುಪ್ರೀಂ ಕೋರ್ಟ್ ತೀರ್ಪನ್ನು ಉಲ್ಲೇಖಿಸಿ ಇಬ್ಬರೂ ಕೋರಿದ್ದೇವೆ. ಮುಂದಿನ ತಿಂಗಳು ವಿಚಾರಣೆ. ದಾರಿ ತೋರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.