ಎಕ್ಸ್‌ಕ್ಯೂಸ್: ಕ್ಷಮೆಯೋ, ನೆಪವೋ, ಅಪ್ಪಣೆಯೋ?

ಒಂದು ಇಂಗ್ಲಿಷ್ ಕತೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮನೆಯವರೆಲ್ಲ ಊಟಕ್ಕೆ ಕೂತಿದ್ದಾರೆ, ದೊಡ್ಡವರ ಮಾತು ಮುಗಿಯುತ್ತಲೇ ಇಲ್ಲ. ಎಂಟು ವರ್ಷದ ಹುಡುಗಿ ಅಮ್ಮನ ಕಡೆ ತಿರುಗಿ ‘ಮೇ ಐ ಬಿ ಎಕ್ಸ್‌ಕ್ಯೂಸ್ಡ್?’ ಅನ್ನುತ್ತಾಳೆ. ‘ನನ್ನನ್ನು ಕ್ಷಮಿಸುತ್ತೀಯಾ ಅಮ್ಮ?’ ಎಂದು ಬರೆದುಬಿಟ್ಟಿದ್ದೆ. ಮಾರನೇ ದಿನ ಓದಿದಾಗ ನನಗೇ ನಗು ಬಂತು. ಪಾಪ, ಆ ಮಗು ಏನು ತಪ್ಪು ಮಾಡಿತ್ತು? ಅದಕ್ಕೆ ಬೇಕಾಗಿದ್ದು ಮೇಜು ಬಿಟ್ಟು ಏಳಲು ಒಪ್ಪಿಗೆ, ಅಷ್ಟೇ.

ಅಲ್ಲಿಂದ ಈ ಪದದ ಬೆನ್ನು ಹತ್ತಿದೆ. ನಾವು ನಾಲ್ಕು ಕಡೆ ಹಂಚಿಟ್ಟಿರುವುದನ್ನು ಇಂಗ್ಲಿಷ್ ಒಂದೇ ಚೀಲಕ್ಕೆ ತುಂಬಿದೆ: ಸಣ್ಣಪುಟ್ಟ ತಪ್ಪನ್ನು ಮನ್ನಿಸುವುದು, ಕೆಲಸದಿಂದ ಬಿಡುವು ಕೊಡುವುದು, ಎದ್ದು ಹೋಗಲು ಬಿಡುವುದು, ಮತ್ತೆ ನೆಪ. ಉಚ್ಚಾರವೂ ಎರಡು. ನೆಪ ಅನ್ನುವ ಅರ್ಥದಲ್ಲಿ ಕೊನೆಗೆ ‘ಸ್’, ಕ್ರಿಯಾಪದವಾದರೆ ‘ಜ್’. ನಾವು ಎರಡಕ್ಕೂ ‘ಸ್’ ಅಂದು ಮುಗಿಸುತ್ತೇವೆ.

ಬೇರು ಲ್ಯಾಟಿನ್ನಿನ ‘ಕೌಸಾ’. ಕಾರಣ ಅಂತಲೂ ಅರ್ಥ, ಕೋರ್ಟಿನ ವ್ಯಾಜ್ಯ ಅಂತಲೂ ಅರ್ಥ. ಅದರ ಹಿಂದೆ ‘ಎಕ್ಸ್’, ಅಂದರೆ ಹೊರಗೆ. ಆಪಾದನೆಯಿಂದ ಹೊರಗೆ ಬರುವುದು ಎಕ್ಸ್‌ಕ್ಯೂಸ್. ಆಪಾದನೆ ಹೊರಿಸುವ ‘ಅಕ್ಯೂಸ್’ ಕೂಡ ಇದೇ ಬೇರಿನದು. ತಾನಾಗಿ ಸಮಜಾಯಿಷಿ ಕೊಡುವವನು ತನ್ನ ಮೇಲೇ ತಪ್ಪು ಹೊರಿಸಿಕೊಳ್ಳುತ್ತಾನೆ ಎಂದು ಫ್ರೆಂಚರಲ್ಲಿ ಈ ಎರಡೂ ಪದಗಳನ್ನು ಜೋಡಿಸಿದ ಗಾದೆ ಇದೆ. ನಮ್ಮ ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಿದ್ದೂ ಅದನ್ನೇ ಅಲ್ವಾ!

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ‘ಸಬೂಬು’. ಅರಬ್ಬಿಯ ‘ಸಬಬ್’ ಅಂದರೆ ಬರೀ ಕಾರಣ. ಹಿಂದಿ, ಉರ್ದುಗಳಲ್ಲಿ ಈಗಲೂ ಹಾಗೇ. ಕನ್ನಡಕ್ಕೆ ಬಂದು ಅದು ಸುಳ್ಳು ಕಾರಣವಾಯಿತು. ‘ಸಬೂಬು ಹೇಳಬೇಡ’ ಅಂತ ಗದರಿಸುತ್ತೇವೆ, ‘ಒಳ್ಳೆಯ ಸಬೂಬು ಹೇಳಿದ’ ಅಂದರೆ ಮೆಚ್ಚುಗೆ ಅಲ್ಲ, ವ್ಯಂಗ್ಯ. ಕೌಸಾದಿಂದ ಬಂದ ಇಂಗ್ಲಿಷ್ ಪದಕ್ಕೂ ಇದೇ ಗತಿಯಾಗಿದೆ. ಕಾರಣವನ್ನು ಬಾಯಿಬಿಟ್ಟು ಹೇಳಿದ ತಕ್ಷಣ ಅನುಮಾನ ಶುರುವಾಗುತ್ತದೋ ಏನೋ. ಅವರ ನೆಪವೂ ಕುಂಟು (‘ಲೇಮ್’), ನಮ್ಮದೂ ಕುಂಟು ನೆಪವೇ.

‘ಎಕ್ಸೆಂಪ್ಟ್’ ಜೊತೆ ಇದನ್ನು ಬೆರೆಸಿ ಎರಡಕ್ಕೂ ‘ವಿನಾಯಿತಿ’ ಹಾಕುವುದನ್ನು ನೋಡಿದ್ದೇನೆ. ಅದು ಬೇರೆ ಬೇರಿನದು, ‘ಹೊರಗೆ ತೆಗೆ’ ಅನ್ನುವ ಅರ್ಥದ್ದು. ಅಮೆರಿಕದ ಫೆಡರಲ್ ಕೋರ್ಟುಗಳ ಜ್ಯೂರಿ ಕೆಲಸ (ಸಾಮಾನ್ಯ ನಾಗರಿಕರು ಕರೆ ಬಂದಾಗ ಹೋಗಿ ಕೂತು ವ್ಯಾಜ್ಯ ಕೇಳಿ ತೀರ್ಮಾನ ಹೇಳಬೇಕಾದ ಕರ್ತವ್ಯ) ನೋಡಿದರೆ ವ್ಯತ್ಯಾಸ ಸಲೀಸಾಗಿ ತಿಳಿಯುತ್ತದೆ. ಸೇವೆಯಲ್ಲಿರುವ ಸೈನಿಕರು, ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ ಅಲ್ಲಿ ಎಕ್ಸೆಂಪ್ಟ್. ತಾವೇ ಬರುತ್ತೇವೆ ಅಂದರೂ ಸೇರಿಸಿಕೊಳ್ಳುವುದಿಲ್ಲ. 70 ದಾಟಿದವರಿಗೆ ಹಲವು ಕೋರ್ಟುಗಳು ಎಕ್ಸ್‌ಕ್ಯೂಸ್ ಕೊಡುತ್ತವೆ, ಆದರೆ ಅವರು ಕೇಳಿಕೊಳ್ಳಬೇಕು. ಮೊದಲನೆಯದಕ್ಕೆ ‘ವಿನಾಯಿತಿ ಇದೆ’ ಸರಿ. ಎರಡನೆಯದಕ್ಕೆ ‘ಕೇಳಿಕೊಂಡರೆ ಬಿಡುತ್ತಾರೆ’ ಸಾಕು ಅನ್ನಿಸುತ್ತದೆ.

‘ಎಕ್ಸ್‌ಕ್ಯೂಸ್ ಮಿ’ ಸುದ್ದಿಗೆ ನಾನು ಹೋಗುವುದಿಲ್ಲ. ಅದಕ್ಕೆ ನಮ್ಮ ‘ರೀ, ಸ್ವಲ್ಪ...’ ಚೆನ್ನಾಗಿಯೇ ಇದೆ.

ಈಗ ಆ ಹುಡುಗಿಯ ಮಾತಿಗೆ ಏನು ಮಾಡಲಿ? ‘ಅಪ್ಪಣೆಯೇ?’ ಅಂದರೆ ಮಗು ನಾಟಕದ ಮಂತ್ರಿಯಾಗುತ್ತಾಳೆ. ಸದ್ಯಕ್ಕೆ ‘ಅಮ್ಮ, ನಾನು ಏಳ್ಲಾ?’ ಎಂದು ಬರೆದಿದ್ದೇನೆ. ಬಾಯಿಗೆ ಸಹಜವಾಗಿ ಬರುತ್ತದೆ, ಆದರೆ ಮೂಲದ ಬಿಗಿ ಶಿಸ್ತು ಸೋರಿಹೋಗಿದೆ. ಆ ಮನೆಯಲ್ಲಿ ಅಮ್ಮ ತಲೆಯಾಡಿಸುವ ತನಕ ಕುರ್ಚಿ ಅಲುಗಾಡುವ ಹಾಗಿಲ್ಲ. ಅದನ್ನೂ ಉಳಿಸಿಕೊಳ್ಳುವ, ಮಗುವಿನ ಬಾಯಿಗೂ ಒಗ್ಗುವ ಮಾತು ಯಾರಿಗಾದರೂ ಹೊಳೆದರೆ ತಿಳಿಸಿ.